ಹಳೇ ಪಿಸಿಗೆ ಲಿನಕ್ಸ್, ಅದರ ಮೇಲೆ ಗೇಮ್: ವೇಲ್ಯಾಂಡ್ ಕಾಲದಲ್ಲಿ ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ?

ಥಾಣೆ: ಮನೆಯಲ್ಲಿ ಏಳೆಂಟು ವರ್ಷದ ಹಿಂದೆ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಬಿಡಿಭಾಗ ಖರೀದಿಸಿ ಜೋಡಿಸಿದ ಪಿಸಿ ಇದೆ. ಹಗಲು ಅಪ್ಪನ ಲೆಕ್ಕಪತ್ರ, ಸಂಜೆ ಮಗನ ಗೇಮ್, ಎರಡಕ್ಕೂ ಅದೊಂದೇ ಯಂತ್ರ. ವಿಂಡೋಸ್ 10ರ ಬೆಂಬಲ ಮುಗಿದಿದೆ, ವಿಂಡೋಸ್ 11 ಈ ಯಂತ್ರದಲ್ಲಿ ಕೂರುವುದಿಲ್ಲ. ಹೊಸ ಪಿಸಿಗೆ ಹಣ ಹಾಕುವ ಬದಲು ಲಿನಕ್ಸ್ ಹಾಕಿಕೊಂಡರೆ ಸಾಕೇ? ಗೇಮ್‌ಗಳು ಓಡುತ್ತವೆಯೇ? ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಅನೇಕ ಮನೆಗಳಲ್ಲಿ ಈಗ ಏಳಬಹುದಾದ ಪ್ರಶ್ನೆ ಇದು.

ಇದೇ ಹೊತ್ತಿಗೆ ಲಿನಕ್ಸ್‌ನ ಒಳಗೂ ದೊಡ್ಡ ಬದಲಾವಣೆ ನಡೆದಿದೆ. ಸುಮಾರು ನಾಲ್ಕು ದಶಕಗಳಿಂದ ಪರದೆಯ ಮೇಲೆ ಚಿತ್ರ ಮೂಡಿಸುತ್ತಿದ್ದ ಎಕ್ಸ್11 ವ್ಯವಸ್ಥೆ ಹಿಂದೆ ಸರಿದು, ಆ ಜಾಗಕ್ಕೆ ವೇಲ್ಯಾಂಡ್ ಬಂದಿದೆ. ಹೊಸ ಲಿನಕ್ಸ್ ಹಾಕಿದವರಿಗೆ ಹಲವು ಕಡೆ ಹಳೆಯದನ್ನು ಆಯ್ದುಕೊಳ್ಳುವ ಅವಕಾಶವೇ ಉಳಿದಿಲ್ಲ. 'ವೇಲ್ಯಾಂಡ್‌ನಲ್ಲಿ ಗೇಮ್ ಆಡಲಾಗದು' ಎಂಬ ಮಾತು ಎರಡು ವರ್ಷದ ಹಿಂದೆ ಸಾಕಷ್ಟು ಮಟ್ಟಿಗೆ ನಿಜವಾಗಿತ್ತು. ಈಗ ಅದು ಬಹುತೇಕ ಹಳೆಯ ಮಾತು. ಇಂದು ನಿಮ್ಮ ಗೇಮ್ ಓಡುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಎರಡು ಸಂಗತಿಗಳು: ಪಿಸಿಯಲ್ಲಿರುವ ಗ್ರಾಫಿಕ್ಸ್ ಕಾರ್ಡ್‌ನ ತಲೆಮಾರು ಮತ್ತು ಗೇಮ್‌ನ ಜತೆ ಬರುವ ಆ್ಯಂಟಿ-ಚೀಟ್ ತಂತ್ರಾಂಶ. ಇವೆರಡನ್ನೂ ಮೊದಲು ನೋಡಿಕೊಂಡರೆ ಹಣವೂ ಉಳಿಯುತ್ತದೆ, ನಿರಾಸೆಯೂ ತಪ್ಪುತ್ತದೆ.

ಈಗಲೇ ಈ ಪ್ರಶ್ನೆ ಏಕೆ?

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಚಿಪ್ ಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಬಹುತೇಕ 8ನೇ ತಲೆಮಾರು, ಎಎಮ್‌ಡಿಯದಾದರೆ ರೈಜನ್ 2000 ಸರಣಿ ಅಥವಾ ಅದಕ್ಕಿಂತ ಹೊಸದಾಗಿರಬೇಕು. 2017ಕ್ಕೆ ಮೊದಲು ಜೋಡಿಸಿದ ಪಿಸಿಗಳಲ್ಲಿ ಹೆಚ್ಚಿನವು ಇಲ್ಲೇ ಹೊರಗುಳಿಯುತ್ತವೆ.

ಲಿನಕ್ಸ್ ಕಡೆಯಲ್ಲೂ ಅದೇ ತಿಂಗಳು ಮಹತ್ವದ್ದಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10 ಮತ್ತು ಫೆಡೋರಾ 43, ತಮ್ಮ ಮುಖ್ಯ ಗ್ನೋಮ್ ಡೆಸ್ಕ್‌ಟಾಪ್‌ನಿಂದ ಎಕ್ಸ್11 ಸೆಷನ್ ಕೈಬಿಟ್ಟವು. ಅದಕ್ಕೂ ಮೊದಲೇ, 2025ರ ಮೇ ತಿಂಗಳ ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಎಕ್ಸ್‌ಆರ್ಗ್ ಸರ್ವರ್ ಇರಲಿಲ್ಲ. ಕೆಡಿಇ ತಂಡವೂ ಪ್ಲಾಸ್ಮಾ 6.8ರಿಂದ ವೇಲ್ಯಾಂಡ್ ಮಾತ್ರ ಎಂದು 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಹಾಗಾಗಿ ಇಂದು ಲಿನಕ್ಸ್‌ಗೆ ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ನೇರವಾಗಿ ವೇಲ್ಯಾಂಡ್‌ಗೇ ಬರುತ್ತಾರೆ.

ಗೇಮ್ ಆಡುವವರ ಸಂಖ್ಯೆಯೂ ಕಡೆಗಣಿಸುವಷ್ಟು ಸಣ್ಣದಲ್ಲ. ವಾಲ್ವ್ ಕಂಪನಿ ಪ್ರತಿ ತಿಂಗಳು ಪ್ರಕಟಿಸುವ ಸ್ಟೀಮ್ ಹಾರ್ಡ್‌ವೇರ್ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು 2025ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಶೇ. 3ನ್ನು ದಾಟಿತು.

ಎಕ್ಸ್11 ಎಂದರೇನು, ವೇಲ್ಯಾಂಡ್ ಎಂದರೇನು?

ಎಕ್ಸ್ ವಿಂಡೋ ವ್ಯವಸ್ಥೆ 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿತು. ಅದರ 11ನೇ ಆವೃತ್ತಿ 1987ರಲ್ಲಿ ಬಂತು, ಅದೇ ಎಕ್ಸ್11. ಒಂದು ದೊಡ್ಡ ಕಂಪ್ಯೂಟರ್‌ನಲ್ಲಿ ಓಡುವ ಪ್ರೋಗ್ರಾಮನ್ನು ಜಾಲದ ಮೂಲಕ ಇನ್ನೊಂದು ಮೇಜಿನ ಪರದೆಯಲ್ಲಿ ತೋರಿಸುವ ಕಾಲಕ್ಕೆ ಅದು ತಕ್ಕದಾಗಿತ್ತು. ಮನೆಯ ಗೇಮಿಂಗ್ ಪಿಸಿ ಆಗ ಯಾರ ಕಣ್ಮುಂದೆಯೂ ಇರಲಿಲ್ಲ.

ಎಕ್ಸ್11ರೊಂದಿಗೆ ಮುಂಬಯಿಗೂ ನಂಟಿದೆ. ಇಲ್ಲಿನ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ಅಂದರೆ ಎನ್‌ಸಿಎಸ್‌ಟಿ, 2000ದ ದಶಕದ ಆರಂಭದಲ್ಲಿ 'ಇಂಡಿಕ್ಸ್' ಎಂಬ ಯೋಜನೆಯಡಿ ಎಕ್ಸ್ ವಿಂಡೋ ವ್ಯವಸ್ಥೆಯ ಮಟ್ಟದಲ್ಲೇ ಭಾರತೀಯ ಲಿಪಿಗಳನ್ನು ತೋರಿಸುವ ಕೆಲಸ ಕೈಗೊಂಡಿತ್ತು. ಆ ಸಂಸ್ಥೆ ಮುಂದೆ ಸಿ-ಡ್ಯಾಕ್‌ನಲ್ಲಿ ವಿಲೀನವಾಯಿತು. ಸಿ-ಡ್ಯಾಕ್‌ನ ಮುಂಬಯಿ ಕೇಂದ್ರಕ್ಕೆ ನವಿ ಮುಂಬಯಿಯ ಖಾರ್ಘರ್ ನಿಲ್ದಾಣದ ಎದುರು ಇಂದೂ ಒಂದು ಆವರಣವಿದೆ.

ಎಕ್ಸ್11ರಲ್ಲಿ ಪ್ರೋಗ್ರಾಮ್, ಎಕ್ಸ್ ಸರ್ವರ್, ವಿಂಡೋಗಳನ್ನು ಜೋಡಿಸುವ ಕಾಂಪೋಸಿಟರ್ ಎಂಬ ಮೂವರ ನಡುವೆ ಚಿತ್ರ ಸುತ್ತಾಡುತ್ತದೆ. ಜತೆಗೆ ಒಂದು ಪ್ರೋಗ್ರಾಮ್ ಇನ್ನೊಂದರ ಕೀಲಿ ಒತ್ತುವಿಕೆಯನ್ನೂ ಪರದೆಯನ್ನೂ ನೋಡಬಲ್ಲದು, ಅಂದರೆ ಸುರಕ್ಷತೆ ಕಡಿಮೆ. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್ ಮಧ್ಯದ ಸರ್ವರನ್ನು ತೆಗೆದುಹಾಕಿತು. ಇಲ್ಲಿ ಕಾಂಪೋಸಿಟರೇ ಸರ್ವರ್. ಪ್ರೋಗ್ರಾಮ್ ತನ್ನ ಚಿತ್ರವನ್ನು ತಾನೇ ಸಿದ್ಧಪಡಿಸಿ ನೇರವಾಗಿ ಅದಕ್ಕೆ ಕೊಡುತ್ತದೆ.

ವೇಲ್ಯಾಂಡ್ ಎನ್ನುವುದು ಒಂದು ಪ್ರೋಗ್ರಾಮ್ ಅಲ್ಲ, ನಿಯಮಗಳ ಕಟ್ಟು. ಗ್ನೋಮ್, ಕೆಡಿಇ ಮುಂತಾದವು ಆ ನಿಯಮಗಳನ್ನು ತಮ್ಮ ತಮ್ಮ ರೀತಿಯಲ್ಲಿ ಜಾರಿಗೊಳಿಸುತ್ತವೆ. ಒಂದೇ ಗೇಮ್ ಗೆಳೆಯನ ಕೆಡಿಇಯಲ್ಲಿ ಚೆನ್ನಾಗಿ ಓಡಿ ನಿಮ್ಮ ಗ್ನೋಮ್‌ನಲ್ಲಿ ಕಿರಿಕಿರಿ ಮಾಡುವುದಕ್ಕೆ ಇದೂ ಒಂದು ಕಾರಣ.

ವಿಂಡೋಸ್ ಗೇಮ್ ಲಿನಕ್ಸ್‌ನಲ್ಲಿ ಓಡುವುದು ಹೇಗೆ?

ಲಿನಕ್ಸ್‌ಗೆಂದೇ ತಯಾರಾದ ಗೇಮ್‌ಗಳು ಕಡಿಮೆ. ಕೌಂಟರ್-ಸ್ಟ್ರೈಕ್ 2, ಡೋಟಾ 2 ಅಂಥವು. ಉಳಿದವಕ್ಕೆ ವಾಲ್ವ್ 2018ರ ಆಗಸ್ಟ್‌ನಲ್ಲಿ ತಂದ ಪ್ರೋಟಾನ್ ಆಧಾರ. ವೈನ್ ಎಂಬ ಹಳೆಯ ಯೋಜನೆಯ ಮೇಲೆ ಕಟ್ಟಿದ ಪ್ರೋಟಾನ್, ವಿಂಡೋಸ್ ಗೇಮ್‌ನ ಬೇಡಿಕೆಗಳನ್ನು ಲಿನಕ್ಸ್‌ಗೆ ಅರ್ಥವಾಗುವಂತೆ ಬದಲಿಸುತ್ತದೆ. ಅದರೊಳಗಿನ ಡಿಎಕ್ಸ್‌ವಿಕೆ, ಡೈರೆಕ್ಟ್‌ಎಕ್ಸ್ 9, 10, 11ರ ಚಿತ್ರ ಆದೇಶಗಳನ್ನು ವಲ್ಕನ್‌ಗೆ ತಿರುಗಿಸುತ್ತದೆ. ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಇದೆ. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ನಡೆಯುವುದೂ ಇದೇ ದಾರಿಯಲ್ಲಿ. ಅದರ ಗೇಮಿಂಗ್ ಮೋಡ್‌ನಲ್ಲಿರುವ ಗೇಮ್‌ಸ್ಕೋಪ್ ಕೂಡ ಒಂದು ವೇಲ್ಯಾಂಡ್ ಕಾಂಪೋಸಿಟರೇ.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ನೀವು ವೇಲ್ಯಾಂಡ್ ಡೆಸ್ಕ್‌ಟಾಪ್‌ನಲ್ಲಿದ್ದರೂ ಪ್ರೋಟಾನ್ ಮೂಲಕ ಓಡುವ ಹೆಚ್ಚಿನ ಗೇಮ್‌ಗಳು ಇಂದಿಗೂ ತಾವು ಎಕ್ಸ್11ರಲ್ಲೇ ಇದ್ದೇವೆ ಎಂದುಕೊಂಡಿರುತ್ತವೆ. ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆ ಅವುಗಳ ಚಿತ್ರವನ್ನು ವೇಲ್ಯಾಂಡ್‌ಗೆ ದಾಟಿಸುತ್ತದೆ. ಎಕ್ಸ್11 ಸೆಷನ್ ಹೋದರೂ ಎಕ್ಸ್11ರ ಗೇಮ್‌ಗಳು ಹೋಗಿಲ್ಲ ಎಂಬುದಕ್ಕೆ ಈ ಸೇತುವೆಯೇ ಕಾರಣ.

ಸೇತುವೆ ಇಲ್ಲದೆ ನೇರವಾಗಿ ಓಡಿಸುವ ಕೆಲಸವೂ ನಡೆದಿದೆ. 2024ರ ಜನವರಿಯ ವೈನ್ 9.0ರಲ್ಲಿ ವೇಲ್ಯಾಂಡ್ ಡ್ರೈವರ್ ಪ್ರಾಯೋಗಿಕವಾಗಿ ಬಂತು. ಸಮುದಾಯದ ಆವೃತ್ತಿಯಾದ ಜಿಇ-ಪ್ರೋಟಾನ್ 10ರಲ್ಲಿ ಅದನ್ನು ಬೇಕಿದ್ದವರು ಆನ್ ಮಾಡಿಕೊಳ್ಳಬಹುದು. ಆದರೆ ಹಾಗೆ ಮಾಡಿದಾಗ ಸ್ಟೀಮ್ ಓವರ್‌ಲೇಯಂಥ ಸೌಲಭ್ಯ ಕೈಕೊಡುತ್ತದೆ. ಎಚ್‌ಡಿಆರ್ ಮಾನಿಟರ್ ಇದ್ದವರು ಪ್ರಯತ್ನಿಸಬಹುದು, ಉಳಿದವರಿಗೆ ಅವಸರವಿಲ್ಲ.

ಹಿಂದಿನ ದೂರುಗಳು, ಈಗಿನ ಸ್ಥಿತಿ

ಮಿನುಗುವ ಪರದೆ: ಎನ್‌ವಿಡಿಯಾ ಕಾರ್ಡ್ ಇದ್ದವರ ಅತಿ ದೊಡ್ಡ ದೂರು ಇದು. ಗೇಮ್ ಆಡುವಾಗ ಹಳೆಯ ಫ್ರೇಮ್ ಮತ್ತೆ ಬಂದು ಹೋದಂತೆ, ಪರದೆ ಮಿನುಗಿದಂತೆ ಆಗುತ್ತಿತ್ತು. ಕಾರ್ಡ್ ಚಿತ್ರ ಬಿಡಿಸಿ ಮುಗಿಸುವ ಮೊದಲೇ ಕಾಂಪೋಸಿಟರ್ ಅದನ್ನು ಎತ್ತಿಕೊಳ್ಳುತ್ತಿದ್ದುದೇ ಕಾರಣ. 'ಚಿತ್ರ ಸಿದ್ಧವಾಗಿದೆ, ಈಗ ತೆಗೆದುಕೋ' ಎಂದು ಸ್ಪಷ್ಟ ಸೂಚನೆ ಕೊಡುವ ಎಕ್ಸ್‌ಪ್ಲಿಸಿಟ್ ಸಿಂಕ್ ನಿಯಮ 2024ರ ಮಾರ್ಚ್‌ನಲ್ಲಿ ವೇಲ್ಯಾಂಡ್‌ಗೆ ಸೇರಿತು. ಮೇ ತಿಂಗಳಲ್ಲಿ ಎಕ್ಸ್‌ವೇಲ್ಯಾಂಡ್ 24.1, ಜೂನ್‌ನಲ್ಲಿ ಕೆಡಿಇ ಪ್ಲಾಸ್ಮಾ 6.1 ಮತ್ತು ಎನ್‌ವಿಡಿಯಾದ 555 ಡ್ರೈವರ್‌ನ ಸ್ಥಿರ ಆವೃತ್ತಿ ಅದನ್ನು ಅಳವಡಿಸಿಕೊಂಡವು. ಅಲ್ಲಿಗೆ ಈ ತೊಂದರೆ ಬಹುಮಟ್ಟಿಗೆ ಮುಗಿಯಿತು. ಉಬುಂಟು ಎನ್‌ವಿಡಿಯಾ ಕಾರ್ಡ್‌ಗಳಿಗೂ ವೇಲ್ಯಾಂಡನ್ನೇ ಮೊದಲ ಆಯ್ಕೆ ಮಾಡಿದ್ದು ಇದರ ನಂತರವೇ, 24.10 ಆವೃತ್ತಿಯಲ್ಲಿ.

ಮೌಸ್ ವಿಳಂಬ: ವೇಲ್ಯಾಂಡ್ ಅರ್ಧ ಬಿಡಿಸಿದ ಚಿತ್ರವನ್ನು ತೋರಿಸುವುದಿಲ್ಲ, ಹಾಗಾಗಿ ಪರದೆ ಸೀಳಿದಂತೆ ಕಾಣುವುದಿಲ್ಲ. ಆದರೆ ಶೂಟಿಂಗ್ ಗೇಮ್ ಆಡುವವರು ಸೀಳಿದರೂ ಸರಿ, ಮೌಸ್ ತಕ್ಷಣ ಸ್ಪಂದಿಸಬೇಕು ಎನ್ನುತ್ತಾರೆ. ಅವರಿಗಾಗಿ ಪೂರ್ಣ ಪರದೆಯ ಗೇಮ್‌ನಲ್ಲಿ ಸೀಳುವಿಕೆಗೆ ಅನುಮತಿ ಕೊಡುವ ನಿಯಮ 2022ರಲ್ಲಿ ಬಂತು. ಕೆಡಿಇಯಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ಇದರ ಆಯ್ಕೆಯಿದೆ.

ಎರಡು ಮಾನಿಟರ್: ಎಕ್ಸ್11 ಎಲ್ಲ ಮಾನಿಟರ್‌ಗಳನ್ನೂ ಸೇರಿಸಿ ಒಂದೇ ದೊಡ್ಡ ಹಲಗೆಯೆಂದು ಕಾಣುತ್ತದೆ. 144 ಹರ್ಟ್ಸ್ ಮಾನಿಟರ್ ಪಕ್ಕ ಹಳೆಯ 60 ಹರ್ಟ್ಸ್ ಮಾನಿಟರ್ ಇಟ್ಟರೆ ಚಲನೆ ಎಡವುವುದು ಸಾಮಾನ್ಯವಾಗಿತ್ತು. ವೇಲ್ಯಾಂಡ್‌ನಲ್ಲಿ ಪ್ರತಿ ಮಾನಿಟರ್‌ಗೂ ಅದರದೇ ವೇಗ, ಅದರದೇ ಅಳತೆ. ಹೊಸ ವ್ಯವಸ್ಥೆಯ ಲಾಭ ಕಣ್ಣಿಗೆ ಕಾಣುವುದು ಇಲ್ಲೇ.

ಫ್ರೀಸಿಂಕ್ ಮತ್ತು ಎಚ್‌ಡಿಆರ್: ಗೇಮ್‌ನ ಫ್ರೇಮ್ ವೇಗಕ್ಕೆ ತಕ್ಕಂತೆ ಮಾನಿಟರ್ ತನ್ನ ವೇಗ ಬದಲಿಸಿಕೊಳ್ಳುವ ವಿಆರ್‌ಆರ್ ಸೌಲಭ್ಯ ಕೆಡಿಇಯಲ್ಲಿ 2021ರಿಂದ ಇದೆ. ಗ್ನೋಮ್‌ನಲ್ಲಿ ಅದು 2024ರ ಮಾರ್ಚ್‌ನ 46ನೇ ಆವೃತ್ತಿಯಲ್ಲಿ ಪ್ರಾಯೋಗಿಕವಾಗಿ ಬಂತು. ಎಚ್‌ಡಿಆರ್ ಕೆಡಿಇಯಲ್ಲಿ 2024ರ ಫೆಬ್ರವರಿಯ ಪ್ಲಾಸ್ಮಾ 6ರಿಂದ, ಗ್ನೋಮ್‌ನಲ್ಲಿ 2025ರ ಮಾರ್ಚ್‌ನ 48ರಿಂದ ಸಿಗುತ್ತದೆ. ಎಕ್ಸ್11ರಲ್ಲಿ ಎಚ್‌ಡಿಆರ್ ಇಲ್ಲವೇ ಇಲ್ಲ.

ನಿಮ್ಮ ಪಿಸಿಯಲ್ಲಿ ಯಾವ ಕಾರ್ಡ್ ಇದೆ?

ಮೊದಲು ನೋಡಬೇಕಾದದ್ದು ಇದನ್ನೇ. ಹಳೆಯ ಪಿಸಿಗಳಲ್ಲಿ ಸಾಮಾನ್ಯವಾಗಿ ಸಿಗುವ ಕಾರ್ಡ್‌ಗಳನ್ನು ಹೀಗೆ ವಿಂಗಡಿಸಬಹುದು.

ಜಿಟಿ 710, ಜಿಟಿ 730, ಜಿಟಿಎಕ್ಸ್ 600 ಮತ್ತು 700 ಸರಣಿ: ಇವುಗಳಲ್ಲಿ ಹೆಚ್ಚಿನವು ಎನ್‌ವಿಡಿಯಾದ ಕೆಪ್ಲರ್ ತಲೆಮಾರಿನವು. ಇವಕ್ಕೆ ಸಿಗುವ ಕೊನೆಯ ಅಧಿಕೃತ ಡ್ರೈವರ್ 470 ಸರಣಿ, ಅದರ ಬೆಂಬಲವೂ 2024ರಲ್ಲಿ ಮುಗಿದಿದೆ. ಅದರಲ್ಲಿ ಎಕ್ಸ್‌ಪ್ಲಿಸಿಟ್ ಸಿಂಕ್ ಇಲ್ಲ. ಇಂದಿನ ಡಿಎಕ್ಸ್‌ವಿಕೆಗೆ ಬೇಕಾದ ವಲ್ಕನ್ 1.3 ಸಹ ಇಲ್ಲ. ಸಮುದಾಯದ ನೂವೋ ಡ್ರೈವರ್‌ನಲ್ಲಿ ಬ್ರೌಸಿಂಗ್, ಲೆಕ್ಕಪತ್ರ, ಸಿನಿಮಾ ನಡೆಯುತ್ತದೆ, ಗೇಮಿಂಗ್‌ಗೆ ಅದು ಸಾಲದು. ಇಂಥ ಕಾರ್ಡ್ ಇದ್ದರೆ ವೇಲ್ಯಾಂಡ್‌ನಲ್ಲಿ ಹೊಸ ಗೇಮ್ ಆಡುವ ಆಸೆ ಬಿಡುವುದೇ ಒಳಿತು.

ಜಿಟಿಎಕ್ಸ್ 750, 900 ಮತ್ತು 1000 ಸರಣಿ: ಜಿಟಿಎಕ್ಸ್ 1050 ಟಿಐ, 1060 ಇದ್ದವರು ಗಮನಿಸಿ. ಈ ತಲೆಮಾರುಗಳಿಗೆ 580 ಸರಣಿಯೇ ಕೊನೆಯ ಡ್ರೈವರ್, 590ರಿಂದ ಬೆಂಬಲ ತೆಗೆಯಲಾಗಿದೆ. ಸಮಾಧಾನದ ವಿಷಯವೆಂದರೆ 580ರಲ್ಲಿ ಎಕ್ಸ್‌ಪ್ಲಿಸಿಟ್ ಸಿಂಕ್ ಇದೆ, ವೇಲ್ಯಾಂಡ್ ಕೆಲಸ ಮಾಡುತ್ತದೆ. ಆರ್ಚ್‌ನಂತೆ ಸದಾ ಹೊಸದಕ್ಕೆ ಜಿಗಿಯುವ ಲಿನಕ್ಸ್ ಹಾಕಿದರೆ ಮಾತ್ರ, ಒಂದು ಅಪ್‌ಡೇಟ್ 590 ತಂದು ಪರದೆಯೇ ಬಾರದ ಸ್ಥಿತಿ ಬರಬಹುದು. 580ರಲ್ಲೇ ಉಳಿಯುವಂತೆ ಆಯ್ಕೆ ಮಾಡಿಕೊಳ್ಳಿ.

ಜಿಟಿಎಕ್ಸ್ 1650, 1660 ಮತ್ತು ಆರ್‌ಟಿಎಕ್ಸ್ ಕಾರ್ಡ್‌ಗಳು: ಇವಕ್ಕೆ ಹೊಸ ಡ್ರೈವರ್ ಸಿಗುತ್ತಿದೆ. ವೇಲ್ಯಾಂಡ್‌ನಲ್ಲಿ ಆಡಲು ಅಡ್ಡಿಯಿಲ್ಲ. ಡೈರೆಕ್ಟ್‌ಎಕ್ಸ್ 12 ಗೇಮ್‌ಗಳಲ್ಲಿ ವಿಂಡೋಸ್‌ಗೆ ಹೋಲಿಸಿದರೆ ವೇಗ ಗಮನಾರ್ಹವಾಗಿ ಕುಸಿಯುವುದುಂಟು. ಅದು ಡ್ರೈವರ್‌ಗೆ ಸಂಬಂಧಿಸಿದ್ದು. ಎಕ್ಸ್11ಗೆ ಮರಳಿದರೂ ಸರಿಹೋಗುವುದಿಲ್ಲ.

ಎಎಮ್‌ಡಿ ಆರ್‌ಎಕ್ಸ್ 470, 480, 570, 580 ಮತ್ತು ಹೊಸವು: ಇವುಗಳ ಡ್ರೈವರ್ ಲಿನಕ್ಸ್ ಕರ್ನೆಲ್ ಮತ್ತು ಮೆಸಾ ಜತೆಗೇ ಬರುತ್ತದೆ, ಪ್ರತ್ಯೇಕವಾಗಿ ಹಾಕುವ ಕೆಲಸವಿಲ್ಲ. ವೇಲ್ಯಾಂಡ್‌ಗೆ ಅತಿ ಕಡಿಮೆ ತಕರಾರಿನ ಗುಂಪು ಇದು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಇಂಥ ಕಾರ್ಡ್‌ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಹೇರಳವಾಗಿ ಬಂದವು. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್ ಇಳಿದು ಲ್ಯಾಮಿಂಗ್ಟನ್ ರೋಡ್‌ಗೆ ಹೋಗುವವರು, ಕಾರ್ಡನ್ನು ಅಂಗಡಿಯಲ್ಲೇ ಓಡಿಸಿ ನೋಡದೆ ಹಣ ಕೊಡಬೇಡಿ. ಮೈನಿಂಗ್‌ನಲ್ಲಿ ಹಗಲು ರಾತ್ರಿ ದುಡಿದ ಕಾರ್ಡ್‌ನ ಫ್ಯಾನ್ ಸವೆದಿರಬಹುದು. ಹೊಸ ಕಾರ್ಡ್‌ಗೆ ಪವರ್ ಸಪ್ಲೈ ಸಾಲುತ್ತದೆಯೇ ಎಂದೂ ಕೇಳಿ.

ಇಂಟೆಲ್ ಒಳಗಿನ ಗ್ರಾಫಿಕ್ಸ್: 6ನೇ ತಲೆಮಾರಿನಿಂದ ಈಚಿನವಕ್ಕೆ ವಲ್ಕನ್ 1.3 ಇದೆ. ವೇಲ್ಯಾಂಡ್ ಸಲೀಸು, ಆದರೆ ಹಗುರ ಗೇಮ್‌ಗಳಿಗಷ್ಟೇ ಶಕ್ತಿ. 4ನೇ ತಲೆಮಾರು ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ವಲ್ಕನ್ ಪೂರ್ಣವಾಗಿಲ್ಲ, ಪ್ರೋಟಾನ್ ನಂಬಿಕೊಳ್ಳಲಾಗದು.

ವೇಗ ಹೇಗೆ ಅಳೆಯಬೇಕು?

ಪೂರ್ಣ ಪರದೆಯಲ್ಲಿ ಗೇಮ್ ಓಡುವಾಗ ವೇಲ್ಯಾಂಡ್ ಕಾಂಪೋಸಿಟರ್ ನಡುವಿನಿಂದ ಸರಿದು, ಗೇಮ್‌ನ ಚಿತ್ರವನ್ನು ಹಾಗೆಯೇ ಮಾನಿಟರ್‌ಗೆ ಬಿಡಬಲ್ಲದು. ಆದ್ದರಿಂದ ಡ್ರೈವರ್ ಸರಿಯಿದ್ದರೆ ಎಕ್ಸ್11 ಮತ್ತು ವೇಲ್ಯಾಂಡ್ ನಡುವೆ ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆಯಲ್ಲಿ ದೊಡ್ಡ ಅಂತರ ಕಾಣುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ಚಲನೆ ಎಷ್ಟು ನಯವಾಗಿದೆ ಎಂಬುದರಲ್ಲಿ.

ಇದಕ್ಕೆ ಫ್ರೇಮ್ ಸಮಯ ನೋಡಬೇಕು. 60 ಹರ್ಟ್ಸ್ ಮಾನಿಟರ್‌ನಲ್ಲಿ ಪ್ರತಿ ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್, 144 ಹರ್ಟ್ಸ್‌ನಲ್ಲಿ 6.9 ಮಿಲಿಸೆಕೆಂಡ್. ಸರಾಸರಿ 60 ಫ್ರೇಮ್ ತೋರಿಸುತ್ತಿದ್ದರೂ ನಡುನಡುವೆ ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಆಟ ತಡವರಿಸುತ್ತದೆ. ಮ್ಯಾಂಗೋಹಡ್ ಎಂಬ ಉಚಿತ ಸಾಧನ ಗೇಮ್‌ನ ಮೂಲೆಯಲ್ಲೇ ಈ ಗೆರೆಯನ್ನು ತೋರಿಸುತ್ತದೆ. ಗೆರೆ ಸಮತಟ್ಟಾಗಿದ್ದರೆ ಸರಿ, ಗರಗಸದಂತಿದ್ದರೆ ಕಾರಣ ಹುಡುಕಬೇಕು.

ಹೊಸ ಗೇಮ್ ಮೊದಲ ಸಲ ಆಡುವಾಗ ತಡವರಿಸುವುದು ಸಹಜ, ಶೇಡರ್‌ಗಳು ಆಗಷ್ಟೇ ತಯಾರಾಗುತ್ತಿರುತ್ತವೆ. ಅರ್ಧ ಗಂಟೆ ಆಡಿದ ಮೇಲೆ ಅಳೆಯಿರಿ. ಗೇಮ್‌ಗಳನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲೇ ಬಿಟ್ಟು ಲಿನಕ್ಸ್‌ನಿಂದ ಓಡಿಸಿದರೆ ತೊಂದರೆ ಬರುವುದುಂಟು. ಅವನ್ನು ಲಿನಕ್ಸ್‌ನ ಡ್ರೈವ್‌ಗೆ ಮತ್ತೆ ಇಳಿಸಿಕೊಳ್ಳಿ.

ಆನ್‌ಲೈನ್ ಗೇಮ್‌ನಲ್ಲಿ ಪಿಂಗ್ ಬೇರೆ, ಫ್ರೇಮ್ ಬೇರೆ. ಈ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಕೌಂಟರ್-ಸ್ಟ್ರೈಕ್ 2ಕ್ಕೆ ವಾಲ್ವ್‌ನ ಸರ್ವರ್ ಮುಂಬಯಿಯಲ್ಲೇ ಇದೆ. ಡೊಂಬಿವಲಿಯಲ್ಲೋ ವಾಶಿಯಲ್ಲೋ ಕುಳಿತು ಆಡುವಾಗ ಪಿಂಗ್ ಏರಿದರೆ ವೇಲ್ಯಾಂಡನ್ನು ದೂರಬೇಡಿ. ಮೊದಲು ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ.

ವೇಲ್ಯಾಂಡ್ ಎಷ್ಟೇ ಸುಧಾರಿಸಿದರೂ ಓಡದ ಗೇಮ್‌ಗಳು

ಎರಡನೆಯ ಗೋಡೆ ಆ್ಯಂಟಿ-ಚೀಟ್. ಮೋಸ ಹಿಡಿಯಲು ವಿಂಡೋಸ್‌ನ ಆಳಕ್ಕೆ ಇಳಿಯುವ ಈ ತಂತ್ರಾಂಶಗಳಿಗೆ ಲಿನಕ್ಸ್‌ನಲ್ಲಿ ಜಾಗವಿಲ್ಲ, ಇಲ್ಲವೇ ಗೇಮ್ ಕಂಪನಿಗಳೇ ಅನುಮತಿ ಕೊಟ್ಟಿಲ್ಲ. ಪರದೆಯ ವ್ಯವಸ್ಥೆಗೂ ಇದಕ್ಕೂ ಸಂಬಂಧವಿಲ್ಲ. ಎಕ್ಸ್11 ಇರಲಿ ವೇಲ್ಯಾಂಡ್ ಇರಲಿ ಫಲಿತಾಂಶ ಒಂದೇ.

ವ್ಯಾಲರಂಟ್, ಲೀಗ್ ಆಫ್ ಲೆಜೆಂಡ್ಸ್, ಫೋರ್ಟ್‌ನೈಟ್, ಪಬ್‌ಜಿ ಪಿಸಿ, ಕಾಲ್ ಆಫ್ ಡ್ಯೂಟಿ ವಾರ್‌ಝೋನ್, ಬ್ಯಾಟಲ್‌ಫೀಲ್ಡ್ 6 ಲಿನಕ್ಸ್‌ನಲ್ಲಿ ಓಡುವುದಿಲ್ಲ. ಫುಟ್‌ಬಾಲ್ ಪ್ರಿಯರ ಇಎ ಎಫ್‌ಸಿ ಸರಣಿಯ ಇತ್ತೀಚಿನ ಆವೃತ್ತಿಗಳೂ ಇದೇ ಪಟ್ಟಿಯಲ್ಲಿವೆ. ಇಂದು ಓಡಿದ್ದು ನಾಳೆ ನಿಲ್ಲಲೂಬಹುದು. ಜಿಟಿಎ ಆನ್‌ಲೈನ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಸೇರಿಸಿದಾಗ ಲಿನಕ್ಸ್ ಆಟಗಾರರು ಹೊರಬಿದ್ದರು, ಕಥೆಯ ಆಟ ಮಾತ್ರ ಉಳಿಯಿತು. ಏಪೆಕ್ಸ್ ಲೆಜೆಂಡ್ಸ್ 2024ರ ಅಕ್ಟೋಬರ್ 31ರಂದು ಲಿನಕ್ಸ್‌ಗೆ ಬಾಗಿಲು ಮುಚ್ಚಿತು.

ಓಡುವವು ಕಡಿಮೆಯೇನಿಲ್ಲ. ಕೌಂಟರ್-ಸ್ಟ್ರೈಕ್ 2, ಡೋಟಾ 2, ಎಲ್ಡನ್ ರಿಂಗ್, ಸೈಬರ್‌ಪಂಕ್ 2077, ವಿಚರ್ 3, ಸ್ಟಾರ್‌ಡ್ಯೂ ವ್ಯಾಲಿ ಆಡಬಹುದು. ಒಬ್ಬರೇ ಆಡುವ ಕಥೆಯ ಗೇಮ್‌ಗಳಲ್ಲಿ ಹೆಚ್ಚಿನವು ಪ್ರೋಟಾನ್‌ನಲ್ಲಿ ನಡೆಯುತ್ತವೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಲಿನಕ್ಸ್‌ಗೆ ನೇರವಾಗಿ ಲಭ್ಯ. ಬಿಜಿಎಂಐ, ಫ್ರೀ ಫೈರ್ ಫೋನಿನ ಗೇಮ್‌ಗಳು. ಆಂಡ್ರಾಯ್ಡ್ ಆ್ಯಪ್ ಓಡಿಸುವ ವೇಡ್ರಾಯ್ಡ್ ವೇಲ್ಯಾಂಡ್‌ನಲ್ಲಿ ಕೆಲಸ ಮಾಡುತ್ತದಾದರೂ, ಈ ಆಟಗಳಿಗೆ ಅದನ್ನು ನೆಚ್ಚಿಕೊಂಡು ಲಿನಕ್ಸ್‌ಗೆ ಬರಬೇಡಿ.

ಮಾತು, ರೆಕಾರ್ಡಿಂಗ್, ಕನ್ನಡ ಟೈಪಿಂಗ್

ಒಂದು ಪ್ರೋಗ್ರಾಮ್ ಇನ್ನೊಂದನ್ನು ಇಣುಕಿ ನೋಡದಂತೆ ವೇಲ್ಯಾಂಡ್ ತಡೆಯುತ್ತದೆ. ಇದರಿಂದ ಕೆಲವು ಅಭ್ಯಾಸಗಳು ಬದಲಾಗುತ್ತವೆ. ಪರದೆ ರೆಕಾರ್ಡ್ ಮಾಡುವಾಗ ಯಾವ ವಿಂಡೋ ಎಂದು ವ್ಯವಸ್ಥೆ ಕೇಳುತ್ತದೆ. ನೀವು ಒಪ್ಪಿದ ಮೇಲೆ ಪೈಪ್‌ವೈರ್ ಮೂಲಕ ಚಿತ್ರ ಸಿಗುತ್ತದೆ. ಓಬಿಎಸ್ ಸ್ಟುಡಿಯೋ 2021ರಿಂದಲೇ ಇದಕ್ಕೆ ಹೊಂದಿಕೊಂಡಿದೆ.

ಗೇಮ್ ಮುಂದಿರುವಾಗ ಹಿಂದಿನ ಡಿಸ್ಕಾರ್ಡ್‌ನಲ್ಲಿ ಕೀಲಿ ಒತ್ತಿ ಮಾತಾಡುವ ಸೌಲಭ್ಯ ಇನ್ನೂ ಎಲ್ಲ ಕಡೆ ನೆಚ್ಚಿಕೊಳ್ಳುವಂತಿಲ್ಲ. ಧ್ವನಿ ಬಂದಾಗ ತಾನೇ ಆನ್ ಆಗುವ ಆಯ್ಕೆ ಇಟ್ಟುಕೊಳ್ಳುವುದು ಸರಳ ಉಪಾಯ.

ಕನ್ನಡ ಟೈಪಿಂಗ್‌ಗೆ ಗ್ನೋಮ್‌ನಲ್ಲಿ ಐಬಸ್ ಮೊದಲೇ ಸೇರಿರುತ್ತದೆ, ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿದರಾಯಿತು. ಕೆಡಿಇ ಬಳಸುವವರು ಎಫ್‌ಸಿಐಟಿಎಕ್ಸ್ 5 ಹಾಕಿ, ಸಿಸ್ಟಮ್ ಸೆಟ್ಟಿಂಗ್‌ನ 'ವರ್ಚುವಲ್ ಕೀಬೋರ್ಡ್' ವಿಭಾಗದಲ್ಲಿ ಅದನ್ನು ಆರಿಸಬೇಕು. ಆಡಳಿತ ಪತ್ರ, ಸಂಘದ ಆಮಂತ್ರಣ, ವಾಟ್ಸ್ಆ್ಯಪ್ ವೆಬ್ ಎಲ್ಲದರಲ್ಲೂ ಕನ್ನಡ ಬರುತ್ತದೆ. ಗೇಮ್‌ನೊಳಗಿನ ಚಾಟ್ ಪೆಟ್ಟಿಗೆಯಲ್ಲಿ ಮಾತ್ರ ಖಾತ್ರಿಯಿಲ್ಲ. ಹಲವು ಗೇಮ್‌ಗಳು ಕನ್ನಡದ ಒತ್ತಕ್ಷರ ಜೋಡಿಸುವುದನ್ನೇ ಕಲಿತಿಲ್ಲ, ವಿಂಡೋಸ್‌ನಲ್ಲೂ ಅಷ್ಟೇ.

ಬದಲಾಯಿಸುವ ಮುನ್ನ ಈ ಕ್ರಮ ಅನುಸರಿಸಿ

1. ಮನೆಯಲ್ಲಿ ನಿಜವಾಗಿ ಆಡುವ ಐದು ಗೇಮ್‌ಗಳ ಪಟ್ಟಿ ಮಾಡಿ. ಪ್ರೋಟಾನ್‌ಡಿಬಿ ತಾಣದಲ್ಲಿ ಅವು ಹೇಗೆ ಓಡುತ್ತವೆ ಎಂದೂ, 'ಆರ್ ವೀ ಆ್ಯಂಟಿ-ಚೀಟ್ ಯೆಟ್' ತಾಣದಲ್ಲಿ ಆ್ಯಂಟಿ-ಚೀಟ್ ಅಡ್ಡಿ ಇದೆಯೇ ಎಂದೂ ನೋಡಿ. ಮುಖ್ಯ ಗೇಮ್ ಅಲ್ಲೇ ಬಿದ್ದುಹೋದರೆ ಮುಂದಿನ ಹೆಜ್ಜೆಯ ಅಗತ್ಯವಿಲ್ಲ.

2. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಪೂರ್ಣ ಹೆಸರು ಬರೆದುಕೊಳ್ಳಿ. ಮೇಲಿನ ಯಾವ ಗುಂಪಿಗೆ ಸೇರುತ್ತದೆ ನೋಡಿ.

3. ಲೆಕ್ಕಪತ್ರ, ಫೋಟೋ, ಮಕ್ಕಳ ಪ್ರಾಜೆಕ್ಟ್ ಎಲ್ಲವನ್ನೂ ಹೊರಗಿನ ಡ್ರೈವ್‌ಗೆ ಪ್ರತಿ ಮಾಡಿ. ತೆರಿಗೆ ಅಥವಾ ಬ್ಯಾಂಕಿನ ಡಿಜಿಟಲ್ ಸಹಿಯ ಸಾಧನ ಬಳಸುವವರು ಅದು ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

4. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಹಾಕದೆಯೇ ನೋಡಿ. ವೈಫೈ, ಧ್ವನಿ, ಪ್ರಿಂಟರ್ ಪರೀಕ್ಷೆಗೆ ಇಷ್ಟು ಸಾಕು.

5. ಸಾಧ್ಯವಾದರೆ ಬೇರೆ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಲಿನಕ್ಸ್ ಇಡಿ. ವಿಂಡೋಸ್ ಇದ್ದಲ್ಲೇ ಇರುತ್ತದೆ, ಹಿಂದಿರುಗುವ ದಾರಿ ತೆರೆದಿರುತ್ತದೆ.

6. ಹಾಕಿದ ಮೇಲೆ ಯಾವ ವ್ಯವಸ್ಥೆಯಲ್ಲಿದ್ದೀರಿ ಎಂದು ಖಚಿತಪಡಿಸಿಕೊಳ್ಳಿ. ಗ್ನೋಮ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಒಳಗಿನ ವಿವರದಲ್ಲಿ 'ವಿಂಡೋಯಿಂಗ್ ಸಿಸ್ಟಮ್' ಎಂದಿರುತ್ತದೆ. ಕೆಡಿಇಯಲ್ಲಿ 'ಅಬೌಟ್ ದಿಸ್ ಸಿಸ್ಟಮ್' ಪುಟದಲ್ಲಿ 'ಗ್ರಾಫಿಕ್ಸ್ ಪ್ಲಾಟ್‌ಫಾರ್ಮ್' ಎಂಬ ಸಾಲು ನೋಡಿ.

ಸಾಮಾನ್ಯ ಪ್ರಶ್ನೆಗಳು

ನನ್ನ ಹಳೆಯ ಕಾರ್ಡ್‌ಗೆ ಎಕ್ಸ್11 ಬೇಕೇ ಬೇಕು. ಏನು ಮಾಡಲಿ?
ಉಬುಂಟು 24.04 ಎಲ್‌ಟಿಎಸ್‌ನಲ್ಲಿ ಲಾಗಿನ್ ಪರದೆಯಲ್ಲೇ ಎಕ್ಸ್‌ಆರ್ಗ್ ಆಯ್ಕೆ ಇದೆ. ಲಿನಕ್ಸ್ ಮಿಂಟ್ 22ರ ಸಿನಮನ್ ಡೆಸ್ಕ್‌ಟಾಪ್ ಎಕ್ಸ್11ರಲ್ಲೇ ಓಡುತ್ತದೆ, ವೇಲ್ಯಾಂಡ್ ಅಲ್ಲಿ ಪ್ರಾಯೋಗಿಕ. ಎರಡಕ್ಕೂ 2029ರವರೆಗೆ ಬೆಂಬಲವಿದೆ. ಅಷ್ಟರೊಳಗೆ ಕಾರ್ಡ್ ಬದಲಿಸುವ ಯೋಚನೆ ಮಾಡಬಹುದು.

ಗೇಮ್‌ಗಾಗಿ ಗ್ನೋಮ್ ಒಳ್ಳೆಯದೋ ಕೆಡಿಇ ಒಳ್ಳೆಯದೋ?
ವಿಆರ್‌ಆರ್, ಎಚ್‌ಡಿಆರ್, ಸೀಳುವಿಕೆಯ ಅನುಮತಿಯಂಥ ಗೇಮಿಂಗ್ ಆಯ್ಕೆಗಳು ಕೆಡಿಇಯಲ್ಲಿ ಬೇಗ ಬಂದಿವೆ, ಸೆಟ್ಟಿಂಗ್‌ನಲ್ಲಿ ಸುಲಭವಾಗಿ ಕೈಗೆ ಸಿಗುತ್ತವೆ. ಸಾಧಾರಣ 60 ಹರ್ಟ್ಸ್ ಮಾನಿಟರ್ ಇದ್ದವರಿಗೆ ಎರಡೂ ಒಂದೇ.

ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇದೆ. ತೊಂದರೆಯೇ?
ಡೆಸ್ಕ್‌ಟಾಪ್ ಇಂಟೆಲ್ ಅಥವಾ ಎಎಮ್‌ಡಿ ಒಳಗಿನ ಗ್ರಾಫಿಕ್ಸ್‌ನಲ್ಲಿ, ಗೇಮ್ ದೊಡ್ಡ ಕಾರ್ಡ್‌ನಲ್ಲಿ ಓಡುವ ವ್ಯವಸ್ಥೆ ವೇಲ್ಯಾಂಡ್‌ನಲ್ಲೂ ಇದೆ. ಫ್ರೇಮ್ ತೀರಾ ಕಡಿಮೆ ಬಂದರೆ ಗೇಮ್ ಯಾವ ಕಾರ್ಡ್ ಬಳಸುತ್ತಿದೆ ಎಂದು ಮ್ಯಾಂಗೋಹಡ್‌ನಲ್ಲಿ ಮೊದಲು ನೋಡಿ.

ಸ್ಟೀಮ್ ಡೆಕ್ ಕೊಂಡರೆ ಈ ತಲೆನೋವು ಇಲ್ಲವಲ್ಲ?
ಭಾರತದಲ್ಲಿ ವಾಲ್ವ್ ಅದನ್ನು ಅಧಿಕೃತವಾಗಿ ಮಾರುತ್ತಿಲ್ಲ. ಹೊರಗಿನಿಂದ ತರಿಸಿದ್ದಕ್ಕೆ ಇಲ್ಲಿ ವಾರಂಟಿ ಸಿಗುವುದಿಲ್ಲ. ಆ್ಯಂಟಿ-ಚೀಟ್‌ನ ಗೋಡೆ ಅಲ್ಲೂ ಇದೆ.

ಕೊನೆಯ ಮಾತು

ಕಥೆಯ ಗೇಮ್‌ಗಳು, ಕೌಂಟರ್-ಸ್ಟ್ರೈಕ್ ಆಡುವ ಮನೆಯಲ್ಲಿ ಆರ್‌ಎಕ್ಸ್ 570 ಅಥವಾ ಜಿಟಿಎಕ್ಸ್ 1650 ಇದ್ದರೆ, ವೇಲ್ಯಾಂಡ್ ಲಿನಕ್ಸ್ ಹಾಕಿ ಆ ಪಿಸಿಯನ್ನು ಇನ್ನೂ ಕೆಲವು ವರ್ಷ ದುಡಿಸಬಹುದು. ಜಿಟಿ 710 ಇದ್ದರೆ ಲೆಕ್ಕಪತ್ರ, ಓದು, ಸಿನಿಮಾಕ್ಕೆ ಲಿನಕ್ಸ್ ಹಾಕಿ, ಗೇಮ್ ಬೇಕೆಂದರೆ ಪಿಸಿ ಬಿಟ್ಟು ಕಾರ್ಡ್ ಮಾತ್ರ ಬದಲಿಸಿ. ಮಗ ಆಡುವುದು ವ್ಯಾಲರಂಟ್ ಮಾತ್ರ ಎಂದಾದರೆ ಲಿನಕ್ಸ್‌ನಿಂದ ಅವನಿಗೆ ಪ್ರಯೋಜನವಿಲ್ಲ. ಅದನ್ನು ಹಾರ್ಡ್‌ಡಿಸ್ಕ್ ಅಳಿಸಿದ ಮೇಲೆ ತಿಳಿಯುವ ಬದಲು ಮೊದಲೇ ಕೂತು ಮಾತಾಡಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.